ಶಾಲೆಯ ಕಾಂಪೌಂಡಿಗೆ ಮಕ್ಕಳ ಚಿತ್ರ: ನಾವು ಮಾಡುವ ಕ್ರಮ

ಬ್ರಷ್ ಕೊಡುವ ಒಂದು ವಾರ ಮುಂಚೆಯೇ ಮಕ್ಕಳನ್ನು ಊರಿನ ಚಿತ್ರ ಬರೆದ ಗೋಡೆಗಳನ್ನು ನೋಡಲು ಕರೆದೊಯ್ಯುತ್ತೇವೆ. ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು, ನಾಲ್ಕೈದು ಗೋಡೆ, ಅಷ್ಟು ಸಾಕು. ಪ್ರತಿ ಚಿತ್ರವನ್ನೂ ಎರಡು ಸಲ ನೋಡಿಸಬೇಕು: ಮೂಗು ತಾಗುವಷ್ಟು ಹತ್ತಿರದಿಂದ, ಆಮೇಲೆ ರಸ್ತೆಯ ಆ ಬದಿಯಿಂದ. ಹತ್ತಿರದಲ್ಲಿ ಬರೀ ಬಣ್ಣದ ಪಟ್ಟೆಯಾಗಿದ್ದದ್ದು ದೂರಕ್ಕೆ ಕಣ್ಣಾಗುತ್ತದೆ. ಬೀದಿಗೆ ತೆಳು ಗೆರೆ ಕಾಣುವುದಿಲ್ಲ ಅಂತ ಮತ್ತೆ ಹೇಳಿಕೊಡುವ ಕೆಲಸವೇ ಉಳಿಯುವುದಿಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮಲಗಿಸಿದ ಮೊಸಳೆಯ ಫೋಟೊ ಜೊತೆಗಿರಲಿ. ಬೀದಿಯ ಕಲೆ ಯಾರಿಗೆ ಏನು ಹೇಳುತ್ತದೆ ಎಂಬ ಮಾತು ತಾನಾಗಿ ಶುರುವಾಗುತ್ತದೆ.

ಬಣ್ಣ ಎದ್ದ ಜಾಗವನ್ನೂ ಮುಟ್ಟಿಸಿ ತೋರಿಸಿ. ಹೆಚ್ಚಾಗಿ ಎದ್ದಿರುವುದು ಬುಡದ ಒಂದಡಿ: ನೆಲದ ತೇವ ಮೇಲೇರಿ ಉಪ್ಪು ಬಿಟ್ಟಿರುತ್ತದೆ, ಮಳೆನೀರು ಕೆಸರು ಚಿಮ್ಮಿಸಿರುತ್ತದೆ. ಅದಕ್ಕೇ ಆ ಒಂದಡಿಯಲ್ಲಿ ನಾವು ಚಿತ್ರ ಬರೆಸುವುದಿಲ್ಲ, ಕಾವಿ ಬಣ್ಣದ ಪಟ್ಟಿ ಎಳೆಯುತ್ತೇವೆ. ಹಳೇ ಮನೆಗಳಿಗೆ ಕಾವಿ ಪಟ್ಟಿ ಬಳಿದವರು ದಡ್ಡರಲ್ಲ.

ಗೋಡೆ ಸಿದ್ಧಪಡಿಸುವುದು ದೊಡ್ಡವರ ಪಾಲು. ಹೊಸ ಗಾರೆಯಾದರೆ 28 ದಿನ ಕಾಯಬೇಕು, ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಸುಣ್ಣ ಬಳಿದ ಹಳೇ ಗೋಡೆ ಇನ್ನೂ ಕಷ್ಟ. ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ತಂತಿ ಬ್ರಷ್ಷಿನಿಂದ ಕೆರೆದು, ತೊಳೆದು, ಎರಡು ದಿನ ಒಣಗಿಸಿ. ಇಲ್ಲದಿದ್ದರೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಪದರ) ಗೋಡೆಗೆ ಅಂಟದೆ ಸುಣ್ಣಕ್ಕೆ ಅಂಟಿ, ಅದರ ಜೊತೆಗೇ ಹಪ್ಪಳದ ಹಾಗೆ ಏಳುತ್ತದೆ.

20 ಅಡಿ ಉದ್ದ, 5 ಅಡಿ ಎತ್ತರಕ್ಕೆ ಪ್ರೈಮರ್ 1 ಲೀಟರ್, ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ಹೊರಗೋಡೆಯ ಬಣ್ಣ, 4 ಲೀಟರ್. ತಿಳಿ ಬಣ್ಣಗಳನ್ನು ಈ ಬಿಳಿಗೆ ಸ್ಟೇನರ್ (ಗಟ್ಟಿ ಬಣ್ಣದ ದ್ರವ) ಹಾಕಿ ಕಲಸಬಹುದು, ಲೀಟರಿಗೆ 30–40 ಮಿ.ಲೀ. ದಾಟಬೇಡಿ, ಹೆಚ್ಚಾದರೆ ಬೇಗ ಒಣಗುವುದಿಲ್ಲ, ಕೈಗೂ ಹತ್ತುತ್ತದೆ. ಕಡು ಕೆಂಪು, ಕಡು ನೀಲಿಯನ್ನು ಅಂಗಡಿಯ ಮೆಷಿನ್ನಿನಲ್ಲೇ ಕಲಸಿಸಿ ತನ್ನಿ.

ಯಾವ ಚಿತ್ರ? ಕಾರ್ಟೂನ್ ಗೊಂಬೆ ನಮಗೆ ಸೇರದು. ಮಲೆನಾಡಿನ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರದಿಂದ ಶುರುಮಾಡಿ: ಕೆಮ್ಮಣ್ಣಿನ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿನಾರಿನ ಕುಂಚ, ಎಲ್ಲವೂ ಗೆರೆ. ಅಕ್ಕಿಹಿಟ್ಟು ಕಾಂಪೌಂಡಿನ ಮಳೆಗೆ ನಿಲ್ಲದು, ಅಲ್ಲಿ ಎಮಲ್ಷನ್ನೇ ಸರಿ.

ಚಿತ್ರವನ್ನು ಮೊದಲು ಚೌಕ ಹಾಕಿದ ಕಾಗದದಲ್ಲಿ ಬರೆಸಿ, ಅದೇ ಚೌಕಗಳನ್ನು ಗೋಡೆಗೆ ದೊಡ್ಡದಾಗಿ ಎಳೆಯಬೇಕು: ಕಾಗದದ ಒಂದು ಇಂಚು ಗೋಡೆಯಲ್ಲಿ ಒಂದಡಿ. ಬಣ್ಣದ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಬಿಗಿಹಿಡಿಯಲಿ, ಮೂರನೆಯವರು ಮೀಟಲಿ. ಟಪ್ ಅಂದು ಗೆರೆ ಬೀಳುತ್ತದೆ. ಈ ಕೆಲಸಕ್ಕೆ ಮಕ್ಕಳಲ್ಲಿ ಜಗಳವೇ. ಪ್ರತಿ ಬಣ್ಣಕ್ಕೂ ಒಂದು ನಂಬರ್ ಕೊಟ್ಟು, ಆಯಾ ಜಾಗದಲ್ಲಿ ಅದನ್ನು ಬರೆಯಿರಿ. ಬಳಿಯುವ ಮುಂಚೆ ಪುಡಿ ಒರೆಸದಿದ್ದರೆ ಬಣ್ಣ ಕೂರುವುದಿಲ್ಲ.

ಸಲಕ್ಕೆ ಆರೇ ಮಕ್ಕಳು, ಕಪ್ಪಿನಲ್ಲಿ ಎರಡು ಬೆರಳು ಬಣ್ಣ, ಒಂದಿಂಚಿನ ಬ್ರಷ್ಷಿನ ತುದಿಯಷ್ಟೇ ಅದ್ದಬೇಕು. ಕಪ್ ತುಂಬಿಸಿಕೊಟ್ಟರೆ ಬ್ರಷ್ ಹಿಡಿಯವರೆಗೂ ಮುಳುಗಿ, ಬಣ್ಣ ಮೊಣಕೈಗೆ ಇಳಿಯುತ್ತದೆ. ಹತ್ತೂವರೆಗೆ ನಿಲ್ಲಿಸಿ, ಬಿಸಿಲು ಹತ್ತಿದ ಗೋಡೆಯಲ್ಲಿ ಬಣ್ಣ ಎಳೆಯುವಷ್ಟರಲ್ಲೇ ಒಣಗಿ ಗೀರು ಉಳಿಯುತ್ತದೆ. ತಿಳಿ ಬಣ್ಣ ಮೊದಲು, ಕಪ್ಪು ಅಂಚು ಮರುದಿನ.

ಉಳಿದ ಬಣ್ಣಗಳನ್ನು ನಂಬರ್ ಹಚ್ಚಿ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಇಡಿ. ಮೊದಲ ಮಳೆಗಾಲ ಕಳೆದ ಮೇಲೆ ಬೇಕಾಗುತ್ತವೆ.