ಅಘನಾಶಿನಿಯ ಮರಳಿನ ಲೆಕ್ಕಕ್ಕೆ ನ್ಯೂರಲ್ ನೆಟ್‌ವರ್ಕ್
ಹೊಳೆಯ ತಳದಲ್ಲಿ ಎಷ್ಟು ಮರಳು ಉರುಳುತ್ತಿದೆ ಎಂದು ಅಂದಾಜಿಸುವ ನ್ಯೂರಲ್ ನೆಟ್‌ವರ್ಕಿಗೆ, ಅಂದರೆ ಅಳತೆಗಳನ್ನು ನೋಡಿ ತಾನೇ ಕಲಿಯುವ ಪ್ರೋಗ್ರಾಮಿಗೆ, ಕೋಡ್ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಬೇಕಾದ ಇನ್ನೂರರಷ್ಟು ಅಳತೆಗೆ ಇಡೀ ಮಳೆಗಾಲ ಬೇಕು, ಕೆಲವೊಮ್ಮೆ ಎರಡು.

ಜಾಗ ಆರಿಸುವಾಗ ಉಬ್ಬರದ ನೀರು ಮುಟ್ಟದ ಮೇಲ್ಭಾಗಕ್ಕೆ ಹೋಗಿ. ಮಿರ್ಜಾನ್, ತದಡಿಯ ಕಡೆ ದಿನಕ್ಕೆರಡು ಸಲ ಹರಿವಿನ ದಿಕ್ಕೇ ತಿರುಗುವುದರಿಂದ ಕೆಳಗಿನ ಲೆಕ್ಕ ಅಲ್ಲಿ ನಡೆಯದು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಕಾಳಿಗೆ ಕದ್ರಾ ಇದೆ. ಒಂದರಲ್ಲಿ ಕಲಿತ ನೆಟ್‌ವರ್ಕನ್ನು ಇನ್ನೊಂದಕ್ಕೆ ಹಾಗೇ ಹಚ್ಚಬೇಡಿ.

ಪ್ರತಿ ಅಳತೆಗೂ ಆಳ, ಅಗಲ, ನೀರಿನ ಮೇಲ್ಮೈ ಇಳಿಜಾರು, ಮರಳಿನ ಮಧ್ಯಮ ಗಾತ್ರ ಬರೆದುಕೊಳ್ಳಿ. ಎಡವುವುದು ಇಳಿಜಾರಿನಲ್ಲೇ. 300 ಮೀಟರ್ ದೂರದ ಎರಡು ಗೇಜ್‌ಗಳ (ನೀರಿನ ಮಟ್ಟ ಓದುವ ಅಳತೆಕೋಲು) ನಡುವೆ 15 ಸೆಂ.ಮೀ. ವ್ಯತ್ಯಾಸವಿದ್ದರೆ ಇಳಿಜಾರು 0.0005. ಓದುವಾಗ 3 ಸೆಂ.ಮೀ. ತಪ್ಪಿದರೆ ಮುಂದಿನ ಲೆಕ್ಕ ಶೇ. 20ರಷ್ಟು ಕೆಟ್ಟಿತು. ಉರುಳುವ ಮರಳಿಗೆ 76 ಮಿ.ಮೀ. ಬಾಯಿಯ ಹೆಲಿ-ಸ್ಮಿತ್ ಸ್ಯಾಂಪ್ಲರ್ (ತಳಕ್ಕಿಳಿಸಿ ಮರಳು ಹಿಡಿಯುವ, ಜಾಲರಿ ಚೀಲದ ಸಾಧನ) ಸಾಕು. ಚೀಲ ಅರ್ಧ ತುಂಬುವ ಮೊದಲೇ ಎತ್ತಿ. ಎಲೆ, ಕಸ ಜಾಲರಿಗೆ ಮೆತ್ತಿಕೊಂಡಿದ್ದರೆ ಆ ಅಳತೆ ಬಿಟ್ಟುಬಿಡಿ.

ಈ ನೆಟ್‌ವರ್ಕಿಗೆ ಬೇಡದಿದ್ದರೂ ತೇಲುವ ಹೂಳನ್ನೂ ಅಳೆಯುವವರು ಅಳಿವೆಯ ಹತ್ತಿರ ಉಪ್ಪನ್ನು ಮರೆಯಬಾರದು. ಫಿಲ್ಟರ್ ಕಾಗದದಲ್ಲಿ 1 ಮಿ.ಲೀ. ಸಮುದ್ರದ ನೀರು ಉಳಿದರೂ ಒಣಗಿದ ಮೇಲೆ ಸುಮಾರು 35 ಮಿ.ಗ್ರಾಂ. ಉಪ್ಪು ತೂಕಕ್ಕೆ ಸೇರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದ ನಂತರವೇ 105 ಡಿಗ್ರಿಯಲ್ಲಿ ಒಣಗಿಸಿ.

ಅಳತೆಗಳನ್ನು ಹಾಗೇ ನೆಟ್‌ವರ್ಕಿಗೆ ಕೊಡುವ ಬದಲು ಶೀಲ್ಡ್ಸ್ ಸಂಖ್ಯೆ ಮಾಡಿ ಕೊಡಿ: ನೀರು ತಳವನ್ನು ಎಳೆಯುವ ಬಲಕ್ಕೂ ಮರಳಿನ ಕಣದ ಭಾರಕ್ಕೂ ಇರುವ ಅನುಪಾತ ಅದು. ಆಳ 1.5 ಮೀಟರ್, ಇಳಿಜಾರು 0.0005 ಇದ್ದರೆ ತಳದ ಎಳೆತ 1000 × 9.81 × 1.5 × 0.0005, ಅಂದರೆ 7.36 ಪ್ಯಾಸ್ಕಲ್. 0.8 ಮಿ.ಮೀ. ಮರಳಿಗೆ ಇದನ್ನು 1650 × 9.81 × 0.0008ರಿಂದ (1650 ಎಂದರೆ ಮರಳಿನ ಮತ್ತು ನೀರಿನ ಸಾಂದ್ರತೆಯ ವ್ಯತ್ಯಾಸ) ಭಾಗಿಸಿದರೆ ಸುಮಾರು 0.57. ಇದರ ಜೊತೆಗೆ ಅಗಲ-ಆಳದ ಅನುಪಾತ, ಕಣದ ಗಾತ್ರ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು: ನಾಲ್ಕು ಇನ್‌ಪುಟ್. ಕೊನೆಯದನ್ನು ಬಿಡಬೇಡಿ, ಒಂದೇ ಮಟ್ಟದ ನೀರು ಏರುವಾಗ ಒಯ್ಯುವ ಮರಳೇ ಬೇರೆ, ಇಳಿಯುವಾಗಿನದೇ ಬೇರೆ.

ಒಂದೇ ಒಳಪದರ, ಎಂಟು ನ್ಯೂರಾನ್: ಕಲಿಯಬೇಕಾದ ಸಂಖ್ಯೆಗಳು 49. ಇನ್ನೂರು ಸಾಲಿನ ಡೇಟಾಕ್ಕೆ ಅದಕ್ಕಿಂತ ದೊಡ್ಡದು ಬಾಯಿಪಾಠ ಮಾಡಿಬಿಡುತ್ತದೆ. ಔಟ್‌ಪುಟ್ ಮರಳಿನ ಪ್ರಮಾಣದ ಲಾಗ್ ಆಗಿರಲಿ. ಲಾಗ್‌ನಿಂದ ವಾಪಸ್ ತರುವಾಗ ಸರಾಸರಿ ಕಡಿಮೆ ಬರುತ್ತದೆ. ಟ್ರೇನಿಂಗ್ ಶೇಷಗಳನ್ನೂ (ಅಳತೆಯ ಲಾಗ್‌ನಿಂದ ನೆಟ್‌ವರ್ಕಿನ ಉತ್ತರ ಕಳೆದು ಉಳಿದದ್ದು) ಹಾಗೇ ಲಾಗ್‌ನಿಂದ ವಾಪಸ್ ತಂದು, ಅವುಗಳ ಸರಾಸರಿಯಿಂದ ಗುಣಿಸಿ ಸರಿಮಾಡಿ.

ಪರೀಕ್ಷೆಗೆ ಸಾಲುಗಳನ್ನು ಚೀಟಿ ಎತ್ತಿದಂತೆ ಆರಿಸಬೇಡಿ. ಒಂದೇ ನೆರೆಯ ಹತ್ತು ಗಂಟೆಯ ಅಳತೆ ಹತ್ತು ಗಂಟೆ ಐದು ನಿಮಿಷದ್ದಕ್ಕೆ ಉತ್ತರ ಹೇಳಿಕೊಟ್ಟಂತೆ. ಒಂದಿಡೀ ನೆರೆಯನ್ನೇ ಬದಿಗಿಡಿ. ಅದೇ ನೆರೆಯನ್ನು 1948ರ ಮೆಯರ್-ಪೀಟರ್ ಮತ್ತು ಮ್ಯುಲ್ಲರ್ ಸೂತ್ರದಿಂದಲೂ ಲೆಕ್ಕಹಾಕಿ: ಶೀಲ್ಡ್ಸ್ ಸಂಖ್ಯೆಯಿಂದ 0.047 ಕಳೆದು, 1.5ನೇ ಘಾತಕ್ಕೇರಿಸಿ, 8ರಿಂದ ಗುಣಿಸಿ. ಬಂದ ಸಂಖ್ಯೆಯನ್ನು ಕಣದ ಗಾತ್ರ, ಸಾಂದ್ರತೆ ಬಳಸಿ ತೂಕಕ್ಕೆ ತಂದರೆ, ಮೇಲಿನ ಉದಾಹರಣೆಗೆ ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಸುಮಾರು 0.7 ಕೆ.ಜಿ. ಬರುತ್ತದೆ. ಇದನ್ನು ಸೋಲಿಸದ ನೆಟ್‌ವರ್ಕ್ ಬೇಡ.

ಕಲಿತದ್ದಕ್ಕಿಂತ ದೊಡ್ಡ ನೆರೆ ಬಂದರೆ ಟ್ಯಾನ್-ಎಚ್ (ಉತ್ತರವನ್ನು -1 ಮತ್ತು 1ರ ನಡುವೆಯೇ ಇಡುವ ಫಂಕ್ಷನ್) ಬಳಸುವ ನ್ಯೂರಾನ್‌ಗಳು ಒಂದೇ ಮಟ್ಟದಲ್ಲಿ ನಿಂತುಬಿಡುತ್ತವೆ, ಉತ್ತರ ಮಾತ್ರ ಧೈರ್ಯವಾಗಿ ಬರುತ್ತದೆ. ಟ್ರೇನಿಂಗಿನ ಗರಿಷ್ಠ ಶೀಲ್ಡ್ಸ್ ಸಂಖ್ಯೆಯನ್ನು ಕೋಡಿನಲ್ಲೇ ಬರೆದಿಟ್ಟು, ಅದು ಮೀರಿದೊಡನೆ ಸೂತ್ರಕ್ಕೆ ಹೋಗುವಂತೆ ಮಾಡಿ.