ಯಾವ ಊರಿಗೆ ಹೋಗಬೇಕು? ಬ್ಯಾಗು ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಡಿಗ್ರಿ ಫಲಿತಾಂಶ ಬಂದ ವಾರದೊಳಗೇ ‘ಮುಂದ ಎಲ್ಲಿಗಿ?’ ಎಂಬ ಮಾತು ಶುರುವಾಗುತ್ತದೆ. ಮಗ ಬೆಂಗಳೂರು ಎನ್ನುತ್ತಾನೆ. ‘ಅಲ್ಲಿ ನಮ್ಮವ್ರು ಯಾರದಾರ?’ ಎಂದು ಅಪ್ಪ ಕೇಳುತ್ತಾರೆ. ಹುಬ್ಬಳ್ಳಿ ಸಾಕು ಎಂಬುದು ಅವ್ವನ ಮಾತು. ಪುಣೆಯಲ್ಲಿರುವ ಕಾಕಾನ ಮಗ ಫೋನ್ ಮಾಡಿ ‘ಇಲ್ಲಿಗಿ ಬಾ, ರೂಮಿಗಿ ನಾ ಅದೀನಿ’ ಎನ್ನುತ್ತಾನೆ. ಕೊನೆಗೆ ಯಾರ ದನಿ ಜೋರೋ ಅವರ ಊರು ಗೆಲ್ಲುತ್ತದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಆರಿಸಿಕೊಂಡ ಊರು ಮುಂದಿನ ಹತ್ತು ವರ್ಷದ ಸಂಬಳ, ಗೆಳೆತನ, ಎಷ್ಟೋ ಜನರ ಪಾಲಿಗೆ ಮದುವೆಯನ್ನೂ ತೀರ್ಮಾನಿಸಿಬಿಡುತ್ತದೆ. ಅದಕ್ಕೆ ಒಂದು ಭಾನುವಾರ ಮನೆಯವರೆಲ್ಲ ಕೂತು, ಪೆನ್ನು ಹಾಳೆ ಹಿಡಿದು ಲೆಕ್ಕ ಹಾಕಲೇಬೇಕು.

1. ಎರಡನೆಯ ಕೆಲಸ ಎಲ್ಲಿದೆ ನೋಡಿ

ಮೊದಲ ಆಫರ್ ಬಂದ ಊರಿಗೇ ಹೊರಟುಬಿಡುವುದು ನಮ್ಮಲ್ಲಿ ರೂಢಿ. ಆದರೆ ಊರು ಆರಿಸುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಈ ಕೆಲಸ ಆರು ತಿಂಗಳಲ್ಲಿ ಕೈಬಿಟ್ಟರೆ, ರೂಮು ಬದಲಿಸದೆ ಹೋಗಿಬರಬಹುದಾದ ಇನ್ನೊಂದು ಕೆಲಸ ಅದೇ ಊರಲ್ಲಿ ಸಿಗುತ್ತದೆಯೇ? ಒಂದೇ ಕಂಪನಿಯನ್ನು ನಂಬಿಕೊಂಡು ಒಂದು ಊರಿಗೆ ಹೋದವರು ಕಂಪನಿ ಕೈಕೊಟ್ಟ ದಿನ ಊರನ್ನೂ ಬಿಡಬೇಕಾಗುತ್ತದೆ.

ಇದಕ್ಕೆ ಉತ್ತರ ನಿಮ್ಮ ಓದಿನ ಮೇಲೆ ನಿಂತಿದೆ. ಸಾಫ್ಟ್‌ವೇರ್ ಆದರೆ ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ಕಂಪನಿಗಳು ಬಹಳ ಇವೆ. ಮೆಕ್ಯಾನಿಕಲ್ ಡಿಪ್ಲೊಮಾ, ಐಟಿಐ ಮಾಡಿದವರು ಸುಮ್ಮನೆ ಬೆಂಗಳೂರಿಗೆ ಓಡಬೇಕಿಲ್ಲ. ಪುಣೆಯ ಚಾಕಣ, ಪಿಂಪ್ರಿ-ಚಿಂಚವಾಡ ಪಟ್ಟಿಯಲ್ಲಿ ವಾಹನ ಮತ್ತು ಬಿಡಿಭಾಗಗಳ ಕಾರ್ಖಾನೆಗಳು ಸಾಲಾಗಿವೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯಲ್ಲಿ ಫೌಂಡ್ರಿಗಳೂ ಮಷಿನ್ ಶಾಪ್‌ಗಳೂ ಒತ್ತೊತ್ತಾಗಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಒಳ್ಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗೆ ಅಲ್ಲಿ ಒಂದು ಗೇಟು ಮುಚ್ಚಿದರೆ ಪಕ್ಕದ ಗೇಟಿನಲ್ಲಿ ವಿಚಾರಿಸುವ ಅವಕಾಶವಿದೆ. ಕಾನೂನು ಓದಿದವರಿಗೆ ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಧಾರವಾಡವೂ ಇದೆ, ವಿಜಯಪುರದಲ್ಲೇ ಕೋಚಿಂಗ್ ಕೇಂದ್ರಗಳೂ ಇವೆ. ಓದುವುದಕ್ಕಷ್ಟೇ ಬೆಂಗಳೂರಿನ ಬಾಡಿಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಸರ್ಕಾರಿ ನೌಕರಿ ಗುರಿಯಾಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಸಂವಿಧಾನದ 371 (ಜೆ) ವಿಧಿಯಡಿ ಇರುವ ಮೀಸಲಾತಿಯ ವ್ಯಾಪ್ತಿಯಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಇಲ್ಲ. ಕಲಬುರಗಿಗೆ ಹೋಗಿ ಬಾಡಿಗೆ ಮನೆ ಹಿಡಿದ ಮಾತ್ರಕ್ಕೆ ಆ ಮೀಸಲಾತಿ ಸಿಗುವುದಿಲ್ಲ.

ಊರಲ್ಲಿ ಕೆಲಸ ಎಷ್ಟಿದೆ ಎಂದು ಮನೆಯಲ್ಲೇ ಕೂತು ಅಳೆಯಬಹುದು. ಉದ್ಯೋಗದ ಜಾಲತಾಣದಲ್ಲಿ ನಿಮ್ಮ ಕೆಲಸದ ಹೆಸರು, ಊರಿನ ಹೆಸರು, ‘ಫ್ರೆಶರ್’ ಎಂದು ಹಾಕಿ ಎರಡು ವಾರ ದಿನಾ ನೋಡಿ. ಜಾಹೀರಾತುಗಳನ್ನು ಎಣಿಸಬೇಡಿ, ಕಂಪನಿಗಳನ್ನು ಎಣಿಸಿ. ಒಂದೇ ಹುದ್ದೆಯನ್ನು ನಾಲ್ಕು ಕನ್ಸಲ್ಟೆನ್ಸಿಗಳು ನಾಲ್ಕು ಸಲ ಹಾಕಿರುತ್ತವೆ. ಕೆಲಸ ಕೊಡಿಸಲು ಮೊದಲೇ ಹಣ ಕೇಳುವವರನ್ನು, ಮೂಲ ಅಂಕಪಟ್ಟಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರನ್ನು ಅಲ್ಲಿಗೇ ಬಿಡಿ.

2. ಪ್ಯಾಕೇಜ್ ಬಿಟ್ಟು ಕೈಗೆ ಬರುವ ಹಣ ಹಿಡಿಯಿರಿ

ವರ್ಷಕ್ಕೆ 3.6 ಲಕ್ಷ ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 30,000 ಎಂದು ಮನೆಯಲ್ಲಿ ಹೇಳಿಬಿಡುತ್ತೇವೆ. ಬ್ಯಾಂಕಿಗೆ ಬರುವುದು ಅಷ್ಟಲ್ಲ. ಮೂಲವೇತನ 15,000 ಇದೆ ಎಂದಿಟ್ಟುಕೊಳ್ಳಿ. ಅದರ ಶೇ 12ರಷ್ಟು, ಅಂದರೆ 1,800 ರೂಪಾಯಿ ನಿಮ್ಮ ಪಾಲಿನ ಪಿಎಫ್ (ಭವಿಷ್ಯ ನಿಧಿ). ಕಂಪನಿಯ ಪಾಲಿನ ಇನ್ನೊಂದು 1,800 ಕೂಡ ಸಿಟಿಸಿಯ ಒಳಗೇ ಸೇರಿರುತ್ತದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಹಣ) ಎಂದು ಸುಮಾರು 720, ವೃತ್ತಿ ತೆರಿಗೆ 200. ಉಳಿಯುವುದು 25,500ರ ಆಸುಪಾಸು. ಕೆಲವು ಕಂಪನಿಗಳು ವಿಮೆಯ ಕಂತನ್ನೂ ಇದರಲ್ಲೇ ಹಿಡಿಯುತ್ತವೆ, ವರ್ಷದ ಕೊನೆಗೆ ಕೊಡುವ ಬೋನಸ್ಸನ್ನೂ ಪ್ಯಾಕೇಜಿಗೆ ಸೇರಿಸಿ ತೋರಿಸುತ್ತವೆ. ‘ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?’ ಎಂದು ಎಚ್.ಆರ್. ಅವರನ್ನು ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.

ಇದರಲ್ಲಿ ಬಾಡಿಗೆ ಅಥವಾ ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ), ಊಟ, ಓಡಾಟ, ಫೋನು, ಊರಿಗೆ ಬಂದುಹೋಗುವ ಖರ್ಚು, ಮನೆಗೆ ಕಳಿಸುವ ಹಣ ಎಲ್ಲ ಕಳೆಯಿರಿ. ಹುಬ್ಬಳ್ಳಿಯಲ್ಲಿ 18,000 ಕೈಗೆ ಬಂದು 6,000 ಉಳಿದರೆ, ಬೆಂಗಳೂರಿನಲ್ಲಿ 25,500 ಬಂದು 3,000 ಉಳಿಯುವುದಕ್ಕಿಂತ ಅದು ಮೇಲು. ಆದರೆ ಇಲ್ಲೇ ನಿಲ್ಲಬೇಡಿ. ಮೂರು ವರ್ಷದ ಮೇಲೆ ಅದೇ ಕೆಲಸಕ್ಕೆ ಆ ಊರಲ್ಲಿ ಎಷ್ಟು ಕೊಡುತ್ತಾರೆ ಎಂದು ಅಲ್ಲಿರುವ ಸೀನಿಯರ್‌ಗಳನ್ನು ಕೇಳಿ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಎಷ್ಟೋ ಸಲ ಲೆಕ್ಕ ತಿರುವು ಪಡೆಯುವುದು ಈ ಸಾಲಿನಲ್ಲಿ.

3. ಮನೆಯ ದೂರವನ್ನು ಗಂಟೆಯಲ್ಲಿ ಅಳೆಯಿರಿ

ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿ.ಮೀ., ಹುಬ್ಬಳ್ಳಿ ಮತ್ತು ಬೆಳಗಾವಿ ತಲಾ 200ರ ಆಸುಪಾಸು, ಪುಣೆ 350, ಹೈದರಾಬಾದ್ 380, ಬೆಂಗಳೂರು 530ರ ಸುತ್ತಮುತ್ತ. ಅಂದರೆ ನಮ್ಮ ಜಿಲ್ಲೆಯವರಿಗೆ ನಮ್ಮದೇ ರಾಜಧಾನಿಗಿಂತ ಪುಣೆ, ಹೈದರಾಬಾದ್ ಹತ್ತಿರ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಬಾಗಲಕೋಟೆ, ಗದಗ, ಹುಬ್ಬಳ್ಳಿ ಬಳಸಿಕೊಂಡು ಬೆಂಗಳೂರಿಗೆ ಹೋಗುವುದರಿಂದ ರಾತ್ರಿ ಬಸ್ಸಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಗಾವಿಯವರ ಪರಿಸ್ಥಿತಿ ಬೇರೆ. ಅವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಮೊದಲಿನಿಂದ ಇತ್ತು, 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ಕೂಡ ಓಡುತ್ತಿದೆ.

ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೇ, ಹೊಲ ನೋಡಿಕೊಳ್ಳುವವರು ಇನ್ಯಾರಿದ್ದಾರೆ, ತಂಗಿಯ ಓದು ಇನ್ನೂ ಎಷ್ಟು ವರ್ಷ? ಇವನ್ನು ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿ. ರಾತ್ರಿ ಹನ್ನೊಂದಕ್ಕೆ ಮನೆಯಿಂದ ಫೋನ್ ಬಂದರೆ ಬೆಳಗಾಗುವುದರೊಳಗೆ ಬಾಗಿಲಲ್ಲಿ ನಿಲ್ಲಬಲ್ಲಿರಾ? ಒಬ್ಬನೇ ಮಗ, ಒಬ್ಬಳೇ ಮಗಳು ಆಗಿದ್ದು ವಯಸ್ಸಾದ ತಂದೆ-ತಾಯಿ ಇದ್ದವರು ಮೊದಲ ಎರಡು ವರ್ಷ ನಾಲ್ಕೈದು ಗಂಟೆಯ ದೂರದ ಊರನ್ನೇ ನೋಡುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಇನ್ನೊಂದು ಸಾಲು ಸೇರುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹುಬ್ಬಳ್ಳಿಯಲ್ಲಿರುವ ಹುಡುಗಿ ತಿಂಗಳಿಗೆ ಎರಡು ಸಲ ಖರ್ಚಿಲ್ಲದೆ ಬಂದುಹೋಗಬಹುದು. ಸ್ಲೀಪರ್, ಎಸಿ ಬಸ್ಸುಗಳಿಗೆ, ಪುಣೆ-ಹೈದರಾಬಾದ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ದೀಪಾವಳಿ, ಯುಗಾದಿ ಬಂತೆಂದರೆ ಖಾಸಗಿ ಬಸ್ ದರ ಏರುವುದು ಎಲ್ಲರಿಗೂ ಗೊತ್ತು. ರೈಲು ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ಆ ದಿನವನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

4. ಊರಿನ ಒಳಗಿನ ಊರು

ದೊಡ್ಡ ನಗರಕ್ಕೆ ಹೋದವರು ನಿಜವಾಗಿ ಬದುಕುವುದು ಒಂದು ಬಡಾವಣೆಯಲ್ಲಿ ಮತ್ತು ಒಂದು ಬಸ್ಸಿನಲ್ಲಿ. ಕೆಲಸ ವೈಟ್‌ಫೀಲ್ಡ್‌ನಲ್ಲಿ, ಕಾಕಾನ ಮಗನ ರೂಮು ಪೀಣ್ಯದಲ್ಲಿ ಎಂದಾದರೆ ದಿನದ ಮೂರು ಗಂಟೆ ರಸ್ತೆಗೆ ಹೋಗುತ್ತದೆ. ಮೆಟ್ರೊ ನಕ್ಷೆ ಬಿಡಿಸಿಟ್ಟುಕೊಂಡು ನೋಡಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಆರ್.ವಿ. ರಸ್ತೆ–ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿದೆ. ನೆಂಟರ ರೂಮು ಮೊದಲ ತಿಂಗಳಿಗೆ ಆಸರೆಯಾಗಲಿ, ಆಮೇಲೆ ಆಫೀಸಿನ ಮಾರ್ಗದಲ್ಲಿ ಸ್ವಂತ ಜಾಗ ಹುಡುಕಿ.

ನೀರು ವಿಚಾರಿಸದೆ ರೂಮು ಹಿಡಿಯಬೇಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದೆಯೇ, ಟ್ಯಾಂಕರ್ ತರಿಸಿದರೆ ಹಣ ಯಾರದು? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದವರು ಪಟ್ಟ ಪಾಡು ಇನ್ನೂ ಹಳೆಯದಾಗಿಲ್ಲ. ಇದನ್ನು ಮಾಲೀಕರನ್ನು ಕೇಳುವುದಕ್ಕಿಂತ ಕೆಳಗಿನ ಮನೆಯ ಬಾಡಿಗೆದಾರರನ್ನೋ ಎದುರಿನ ಕಿರಾಣಿ ಅಂಗಡಿಯವರನ್ನೋ ಕೇಳಿದರೆ ನಿಜ ಗೊತ್ತಾಗುತ್ತದೆ.

5. ಒಂದು ವಾರ ಇದ್ದು ನೋಡಿ

ಇಂಟರ್‌ವ್ಯೂಗೆ ಹೋಗಿ ಸಂಜೆಯ ಬಸ್ಸು ಹತ್ತಿ ಬಂದರೆ ಊರು ನೋಡಿದಂತಾಗುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಪಿ.ಜಿ.ಯಲ್ಲೋ ಗೆಳೆಯರ ಜೊತೆಯಲ್ಲೋ ಇರಿ. ಬೆಳಿಗ್ಗೆ ಎಂಟೂವರೆಗೆ ಹೊರಟು ಆಫೀಸಿನ ಗೇಟಿನವರೆಗೆ ಹೋಗಿ, ಸಂಜೆ ಆರಕ್ಕೆ ಮರಳಿ ಬನ್ನಿ. ಹಿಡಿದ ಸಮಯವನ್ನು ಬರೆದಿಡಿ. ರಾತ್ರಿ ಒಂಬತ್ತರ ಮೇಲೆ ಬಸ್ ಸ್ಟಾಪಿನಿಂದ ರೂಮಿನವರೆಗೆ ನಡೆದು ನೋಡಿ: ದೀಪ ಇದೆಯೇ, ಅಂಗಡಿ ತೆರೆದಿರುತ್ತವೆಯೇ? ಹುಡುಗಿಯರು ಜೊತೆಗೆ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಅಲ್ಲಿ ಮನಸ್ಸಿಗೆ ಸರಿಬರದಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇರೆ ಬಡಾವಣೆ ನೋಡಿ.

ಊಟವನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಬೆಳೆದವರಿಗೆ ಮೂರು ಹೊತ್ತೂ ಅನ್ನ ಇಳಿಯುವುದಿಲ್ಲ, ಮೂರನೇ ತಿಂಗಳಿಗೆ ಮೈ ಸೊರಗುತ್ತದೆ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳು ಹಲವು ಬಡಾವಣೆಗಳಲ್ಲಿವೆ, ಪುಣೆಯಲ್ಲಿ ಜೋಳದ ಭಾಕ್ರಿ ಸಲೀಸಾಗಿ ಸಿಗುತ್ತದೆ. ನಡೆದು ಹೋಗುವಷ್ಟು ಹತ್ತಿರ ಒಂದು ಇದೆಯೇ ಎಂದು ಆ ವಾರದಲ್ಲೇ ಹುಡುಕಿ.

ಭಾಷೆಗೆ ಹೆದರುವ ಕಾರಣವಿಲ್ಲ. ಗಡಿಭಾಗದ ನಮಗೆ ಮರಾಠಿ, ಹಿಂದಿ ಕಿವಿಗೆ ಹೊಸದಲ್ಲ. ‘ನಿಮ್ ಭಾಷೆ ಯಾಕೆ ಹಿಂಗಿದೆ?’ ಎಂದು ಬೆಂಗಳೂರಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿ, ನಮ್ಮ ಮಾತು ನಮ್ಮದೇ.

6. ಕಾಗದಪತ್ರ

ಕರ್ನಾಟಕದಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಮಹಾರಾಷ್ಟ್ರದಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಕರಾರು 11 ತಿಂಗಳದ್ದಾದರೂ ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮನೆ ಮಾಲೀಕರದು. ಪುಣೆಯಲ್ಲಿ ‘ಅದೆಲ್ಲ ಬೇಡ’ ಎನ್ನುವ ಮಾಲೀಕರ ಮನೆ ಬೇಡ. ಬೆಂಗಳೂರಿನಲ್ಲಿ ‘ಭೋಗ್ಯಕ್ಕಿದೆ’ ಎಂಬ ಬೋರ್ಡು ಕಂಡರೆ ಲಕ್ಷಗಟ್ಟಲೆ ಹಣ ಒಮ್ಮೆಲೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವ ಏರ್ಪಾಡು ಎಂದರ್ಥ. ಹೊಲದ ಮೇಲೆ ಸಾಲ ಎತ್ತಿ ಆ ಹಣ ಕೊಡುವ ಮಾತು ಮನೆಯಲ್ಲಿ ಬಂದರೆ ಬೇಡವೆನ್ನಿ.

ಊರು ಬದಲಾಯಿಸಿದ ಮೇಲೆ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಕೆಲಸ ಬದಲಿಸಿದರೂ ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಇರಲಿ, ಹೊಸ ಕಂಪನಿಗೆ ಹಳೆಯ ಸಂಖ್ಯೆಯನ್ನೇ ಕೊಡಿ. ಡೆಪಾಸಿಟ್ಟನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಯಿಂದ ಕಳಿಸಿ, ಮೊತ್ತವನ್ನೂ ಪೇಂಟಿಂಗಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನೂ ಕರಾರಿನಲ್ಲೇ ಬರೆಸಿ. ಸಾಮಾನು ಇಳಿಸುವ ಮೊದಲು ಖಾಲಿ ರೂಮಿನ ಗೋಡೆ, ನಲ್ಲಿ, ಕಿಟಕಿ, ಬಚ್ಚಲುಮನೆಯ ವಿಡಿಯೊ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ.