ಇಂಗ್ಲೆಂಡಿನ ಲ್ಯಾಂಡ್ ಲಾ ನನ್ನ ತಲೆಗೆ ಹತ್ತಿದ್ದು ಹೀಗೆ

ಹಾಸನದ ಕಡೆಯ ಹುಡುಗ ನಾನು. ಪಹಣಿ, ಪೋಡಿ, ಹದ್ದುಬಸ್ತು, ಅಣ್ಣತಮ್ಮಂದಿರ ಪಾಲು, ಇದನ್ನೆಲ್ಲ ಊಟದ ಹೊತ್ತಿಗೆ ಕೇಳಿಸಿಕೊಂಡೇ ಬೆಳೆದವನು. ಹಾಗಾಗಿ ಇಂಗ್ಲೆಂಡಿನಲ್ಲಿ ಎಲ್‌ಎಲ್‌ಬಿ ಎರಡನೇ ವರ್ಷಕ್ಕೆ ಲ್ಯಾಂಡ್ ಲಾ ಬಂದಾಗ ಉಳಿದವರು ಹೆದರಿದ್ದರೂ ನಾನು ಆರಾಮಾಗಿದ್ದೆ. ಮೊದಲ ಪ್ರಬಂಧಕ್ಕೆ ಬಂದದ್ದು 48. ಅಲ್ಲಿ 40 ಅಂದರೆ ಪಾಸು, ಅಷ್ಟೇ.

ತಪ್ಪು ಎಲ್ಲಿತ್ತು ಅಂದರೆ, ಪ್ರತಿ ಪ್ರಶ್ನೆಯಲ್ಲೂ 'ಈ ಜಾಗ ಯಾರದ್ದು' ಅಂತ ಹುಡುಕುತ್ತಿದ್ದೆ. ಆ ಪ್ರಶ್ನೆಗೆ ಅಲ್ಲಿ ನೆಟ್ಟಗೆ ಉತ್ತರವೇ ಇಲ್ಲ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ನೆಲವೆಲ್ಲ ರಾಜನದ್ದು, ಜನರ ಕೈಯಲ್ಲಿ ಇರುವುದು ಎಸ್ಟೇಟ್, ಅಂದರೆ ಇಷ್ಟು ಕಾಲ ಇಟ್ಟುಕೊಳ್ಳುವ ಹಕ್ಕು. (ಎಸ್ಟೇಟ್ ಅಂದರೆ ನನಗೆ ಸಕಲೇಶಪುರದ ಕಾಫಿ ತೋಟ ಮಾತ್ರ ಗೊತ್ತಿತ್ತು!) 1925ರ ಲಾ ಆಫ್ ಪ್ರಾಪರ್ಟಿ ಆಕ್ಟ್ ಬಂದು, ಕಾನೂನು ಒಪ್ಪುವ ಎಸ್ಟೇಟ್ ಎರಡೇ ಅಂದಿತು: ಫೀ ಸಿಂಪಲ್ (ಕಾಲದ ಮಿತಿಯಿಲ್ಲದ್ದು, ನಮ್ಮ ಮಾಲೀಕತ್ವದ ಹಾಗೆ) ಮತ್ತು ಲೀಸ್. ಇವೆಲ್ಲದರ ಜೊತೆಗೆ ಈಕ್ವಿಟಿ, ಅಂದರೆ ನ್ಯಾಯ ನೋಡಿ ಕೋರ್ಟುಗಳು ಬೆಳೆಸಿದ ನಿಯಮಗಳ ಇನ್ನೊಂದು ಪದರ. ದಾಖಲೆಯಲ್ಲಿ ಒಬ್ಬರ ಹೆಸರು, ಅನುಭೋಗದ ಹಕ್ಕು ಇನ್ನೊಬ್ಬರದ್ದು.

ಕೇಳಬೇಕಾದ ಪ್ರಶ್ನೆ ಬೇರೆಯೇ ಅಂತ ನನಗೆ ಹೊಳೆದದ್ದು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ. ಬೋಲಂಡ್ ಕೇಸು ಹೇಳುತ್ತಿದ್ದೆ. ಮನೆ ಗಂಡನ ಒಬ್ಬನ ಹೆಸರಲ್ಲಿದೆ, ಹೆಂಡತಿಯೂ ದುಡ್ಡು ಹಾಕಿದ್ದಾಳೆ, ಗಂಡ ಅವಳಿಗೆ ಹೇಳದೆ ಬ್ಯಾಂಕಿಗೆ ಅಡಮಾನ ಇಟ್ಟ, ಸಾಲ ತೀರಲಿಲ್ಲ, ಬ್ಯಾಂಕಿನವರು ಮನೆ ಬಿಡಿ ಅಂದರು. "ಅಲ್ಲ ಕಣೋ, ಹೆಂಡ್ತಿ ಮನೇಲೇ ಇದ್ಲಲ್ಲ, ದುಡ್ಡು ಕೊಡೋ ಮುಂಚೆ ಬಂದು ಒಂದು ಮಾತು ಕೇಳ್ಬೇಕಿತ್ತಲ್ವಾ?" ಅಂದರು ಅಪ್ಪ. 1980ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟು) ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಅವಳಿಗೆ ಪಾಲಿದೆ, ಅಲ್ಲೇ ವಾಸ ಇದ್ದಾಳೆ, ಆದ್ದರಿಂದ ರಿಜಿಸ್ಟರಿನಲ್ಲಿ ಹೆಸರಿಲ್ಲದಿದ್ದರೂ ಅವಳ ಹಕ್ಕು ಬ್ಯಾಂಕಿನ ಮೇಲೂ ನಡೆಯುತ್ತದೆ.

ಮುಂದಿನ ವಾರ ಫ್ಲೆಗ್ ಕೇಸು ಹೇಳಿದೆ. ವಯಸ್ಸಾದ ಅಪ್ಪ ಅಮ್ಮ ಅರ್ಧಕ್ಕಿಂತ ಜಾಸ್ತಿ ದುಡ್ಡು ಹಾಕಿ, ಮಗಳು ಅಳಿಯನ ಜೊತೆ ಒಂದೇ ಮನೆಯಲ್ಲಿದ್ದಾರೆ. ದಾಖಲೆ ಮಗಳು ಅಳಿಯನ ಹೆಸರಲ್ಲಿ. ಇಬ್ಬರೂ ಸೇರಿ ಅಡಮಾನ ಇಟ್ಟರು. ಹಿರಿಯರು ಸೋತರು. ಯಾಕೆಂದರೆ ದುಡ್ಡು ಇಬ್ಬರು ಟ್ರಸ್ಟಿಗಳ, ಅಂದರೆ ದಾಖಲೆಯಲ್ಲಿ ಹೆಸರಿದ್ದು ಉಳಿದವರ ಪಾಲನ್ನೂ ನೋಡಿಕೊಳ್ಳಬೇಕಾದವರ, ಕೈಗೆ ಹೋದರೆ, ದಾಖಲೆಯಲ್ಲಿ ಹೆಸರಿಲ್ಲದವರ ಹಕ್ಕು ಮನೆಯನ್ನು ಬಿಟ್ಟು ಆ ದುಡ್ಡಿಗೆ ಅಂಟಿಕೊಳ್ಳುತ್ತದೆ. ದುಡ್ಡು ಖರ್ಚಾಗಿದ್ದರೆ? ಮುಗೀತು. "ಒಬ್ಬ ಸಹಿ ಹಾಕಿದ್ರೆ ಮನೆ ಉಳೀತಿತ್ತು, ಇಬ್ರು ಹಾಕಿದ್ದಕ್ಕೆ ಹೋಯ್ತು, ಇದ್ಯಾವ ನ್ಯಾಯ?" ಅಂತ ಅಪ್ಪ ರೇಗಿದರು. ನನಗೂ ಇವತ್ತಿಗೂ ಅದು ಸರಿ ಅನ್ನಿಸಿಲ್ಲ.

ಆಮೇಲೆ ನಾನು ಪ್ರತಿ ಕೇಸಿಗೂ ಒಂದು ಹಾಳೆಯಲ್ಲಿ ಚಿತ್ರ ಬರೆಯತೊಡಗಿದೆ. ಒಂದು ಅಡ್ಡಗೆರೆ. ಮೇಲೆ ರಿಜಿಸ್ಟರಿನಲ್ಲಿ ಇರುವ ಹೆಸರು, ಕೆಳಗೆ ದುಡ್ಡು ಹಾಕಿದವರು, ಮನೆಯಲ್ಲಿ ಇರುವವರು. ಬಲಗಡೆ ಹೊಸದಾಗಿ ಬಂದವನು, ಕೊಂಡವನೋ ಬ್ಯಾಂಕೋ, ಅವನು ಬಂದ ತಾರೀಖು. ಕೇಳುವುದು ಒಂದೇ: ಕೆಳಗಿನವರ ಹಕ್ಕು ಈ ಹೊಸಬನ ಮೇಲೆ ನಡೆಯುತ್ತಾ? ಟಲ್ಕ್ ವರ್ಸಸ್ ಮಾಕ್ಸ್‌ಹೇ ಕೂಡ ಇದೇ ಪ್ರಶ್ನೆ. 1808ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನ ತೋಟ ಕೊಂಡವನು ಅಲ್ಲಿ ಕಟ್ಟಡ ಕಟ್ಟಲ್ಲ ಅಂತ ಮಾತು ಕೊಟ್ಟಿದ್ದ, ಆ ಮಾತು ಗೊತ್ತಿದ್ದೂ ಕೊಂಡ ಇನ್ನೊಬ್ಬ ಕಟ್ಟಲು ಹೊರಟ, 1848ರಲ್ಲಿ ಕೋರ್ಟು ತಡೆಯಿತು. ಒಂದು ಭಾನುವಾರ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿಂದೆ. ಸುತ್ತ ಸಿನಿಮಾ ಮಂದಿರಗಳು, ನಡುವೆ ಇನ್ನೂ ಹುಲ್ಲು, ಮರ.

ಮರೆಯಬೇಕಾದದ್ದೂ ಇತ್ತು, ಅದೇ ಕಷ್ಟ. ನಮ್ಮ 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್ ಸೆಕ್ಷನ್ 54ರ ಪ್ರಕಾರ ಬರೀ ಕ್ರಯದ ಕರಾರಿನಿಂದ ಜಮೀನಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ ಕರಾರು ಆದ ಕ್ಷಣವೇ ಈಕ್ವಿಟಿಯಲ್ಲಿ ಹಕ್ಕು ಹುಟ್ಟುತ್ತದೆ. ನಮ್ಮ ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿ ನೋಂದಾಯಿಸುವುದು ಮಾಲೀಕತ್ವವನ್ನೇ. ಮಧ್ಯರಾತ್ರಿ ಬರೆಯುವಾಗ ಎರಡೂ ಕಲಸಿಹೋಗುತ್ತಿದ್ದವು.

ನೋಟ್ಸಿಗಿಂತ ತೀರ್ಪುಗಳನ್ನೇ ಓದಿ ಅಂತ ನಾನು ಹೇಳುತ್ತೇನೆ. ಎಲ್ಲವನ್ನೂ ಅಲ್ಲ, ಹತ್ತು ಹನ್ನೆರಡು ಸಾಕು. 1985ರ ಸ್ಟ್ರೀಟ್ ವರ್ಸಸ್ ಮೌಂಟ್‌ಫರ್ಡ್ ಕೇಸಿನಲ್ಲಿ ಮನೆ ಮಾಲೀಕ ಪತ್ರಕ್ಕೆ ಲೀಸ್ ಅನ್ನದೆ 'ಲೈಸೆನ್ಸ್', ಅಂದರೆ ಬರೀ ಇರಲು ಅನುಮತಿ, ಅಂತ ಹೆಸರಿಟ್ಟಿದ್ದ. ಅದು ಲೀಸೇ ಅಂತ ತೀರ್ಪು ಕೊಟ್ಟ ನ್ಯಾಯಾಧೀಶ ಲಾರ್ಡ್ ಟೆಂಪಲ್‌ಮನ್ ಹೇಳಿದ್ದಿಷ್ಟು: ನೆಲ ಅಗೆಯಲು ಐದು ಹಲ್ಲಿನ ಸಲಕರಣೆ ಮಾಡಿಟ್ಟು ಅದನ್ನ ಸನಿಕೆ ಅಂತ ಕರೆದರೂ ಅದು ಫೋರ್ಕೇ. ಇಂಥದ್ದು ಒಮ್ಮೆ ಓದಿದರೆ ಪರೀಕ್ಷೆಯಲ್ಲಿ ಮರೆಯುತ್ತದಾ?

ಪರೀಕ್ಷೆಯಲ್ಲಿ ಮಗ ಸೊಸೆಯ ಹೆಸರಿನ ಮನೆಗೆ ದುಡ್ಡು ಹಾಕಿದ ತಾಯಿಯ ಬಗ್ಗೆ ಕೇಳಿದ್ದರು. ಉತ್ತರ ಪತ್ರಿಕೆಯ ಕೊನೆ ಪುಟದಲ್ಲಿ ಮೊದಲು ಅಡ್ಡಗೆರೆ ಎಳೆದೆ. ಮೇಲೆ ಎರಡು ಹೆಸರು. ಅಯ್ಯೋ ಪಾಪ ಅಂದುಕೊಂಡೇ ಫ್ಲೆಗ್ ಬರೆದೆ.